ಎತ್ತಿನ ಸೋಮವಾರ

ಹೊಟ್ಟೆಪಾಡಿಗೆ ನಾನು ಏನು ಕೆಲಸ ಮಾಡುತ್ತಿದ್ದೆ ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಇವತ್ತಿಗೂ ನನಗೆ ಬರುವುದಿಲ್ಲ. ಬಾವಿಗೆ ಬಿದ್ದ ದನ ಎತ್ತಿಸುವುದು, ಹುಲ್ಲಿನ ಬಣವೆಗೆ ಬೆಂಕಿ ಬಿದ್ದಾಗ ಕೊಟ್ಟಿಗೆಗೆ ನುಗ್ಗಿ ಕಟ್ಟಿದ ಹಗ್ಗ ಕೊಯ್ಯುವುದು, ಕೆರೆ ಏರಿ ಒಡೆದಾಗ ದಿಬ್ಬದ ಮೇಲೆ ಸಿಕ್ಕಿಕೊಂಡ ಕುರಿಗಳನ್ನು ಈಚೆಗೆ ದಾಟಿಸುವುದು, ಇದು ಕೆಲಸದ ಒಂದು ಭಾಗ. ಹೆಗಲು ಹುಣ್ಣಾದ ಎತ್ತನ್ನು ಗಾಡಿಗೆ ಹೂಡಿದವನನ್ನೋ, ಬಾಲ ಮುರಿಯುವವನನ್ನೋ, ಬಾರುಗೋಲಿನ ತುದಿಗೆ ಮೊಳೆ ಹೊಡೆದುಕೊಂಡವನನ್ನೋ ಹಿಡಿದು ಪೊಲೀಸು ಠಾಣೆಗೆ ಒಯ್ಯುವುದು ಇನ್ನೊಂದು ಭಾಗ. ಪ್ರಾಣಿದಯೆಗೆಂದು ಮೈಸೂರು ಸೀಮೆಯ ಕೆಲವು ದೊಡ್ಡವರು ಕಟ್ಟಿದ್ದ ಸಂಘ ನನ್ನನ್ನು ನೇಮಿಸಿತ್ತು. ಖಾಕಿ ಕೋಟು, ಹಿತ್ತಾಳೆ ಬಿಲ್ಲೆ, ಒಂದು ಸೈಕಲ್ಲು ಕೊಟ್ಟಿದ್ದರು. ಜನ ನನ್ನನ್ನು 'ದಯದ ಸಾಹೇಬ್ರು' ಅನ್ನುತ್ತಿದ್ದರು. ದೂರದಲ್ಲಿ ನನ್ನ ಸೈಕಲ್ಲು ಕಂಡರೆ ಸಾಕು, "ದಯ ಬಂತು ಕಣ್ರೋ, ಬಾರುಗೋಲು ಬಚ್ಚಿಡ್ರೋ" ಎಂದು ಗಾಡಿಯವರು ಕೂಗು ಹಾಕುತ್ತಿದ್ದರು. ದಯೆ ಅನ್ನುವುದು ನನ್ನ ಬಿಲ್ಲೆಯ ಮೇಲೆ ಇತ್ತು, ನಾಲಗೆಯ ಮೇಲೆ ಇರಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಮೊದಲು ನಾನಿದ್ದದ್ದು ಅರಸೀಕೆರೆಯಲ್ಲಿ. ರೈಲು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಮುಂದೆ ಬೆಳಗಾದರೆ ಕೊಬ್ಬರಿ ಗಾಡಿಗಳ ಸಾಲು. ಹಾರನಹಳ್ಳಿ ಕಡೆಯಿಂದ, ಇನ್ನೂ ಆಚೆಯಿಂದ ಬಂದ ಗಾಡಿಗಳು. ಮೂಟೆ ಇಳಿಸಿದವನು ಎತ್ತಿಗೆ ನೀರು ಕೂಡ ಕುಡಿಸದೆ ಉಪ್ಪಿನ ಮೂಟೆ ಹೇರಿಕೊಂಡು ಹಿಂದಕ್ಕೆ ಹೊರಡುತ್ತಿದ್ದ. ಬಾಡಿಗೆ ಗಾಡಿಯವರಿಗೆ ವಾರವಿಲ್ಲ, ತಿಥಿಯಿಲ್ಲ. ಹಳ್ಳಿಯ ಒಕ್ಕಲು ಮಕ್ಕಳು ಮಾತ್ರ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವನ ವಾರ. ಎಂಥ ಕೆಲಸವಿದ್ದರೂ ಅವತ್ತು ಎತ್ತಿನ ಮೈ ತೊಳೆದು ಮೇಯಲು ಬಿಡುವುದೇ. ನನಗೆ ಈ ಕಟ್ಟಳೆ ಬಹಳ ಅನುಕೂಲವಾಗಿತ್ತು. ಕಾನೂನಿನ ಮಾತು ಯಾರ ಕಿವಿಗೂ ಹೋಗುತ್ತಿರಲಿಲ್ಲ, ಬಸವನ ಮಾತು ಹೋಗುತ್ತಿತ್ತು. ಗೂಡ್ಸ್ ಶೆಡ್ಡಿನ ಕಟ್ಟೆಯ ಮೇಲೆ ನಿಂತು, "ಹೊಲ ಉಳೋ ರೈತನಿಗೆ ಇರೋ ಬುದ್ಧಿ ನಿಮಗೆ ಇಲ್ಲವಲ್ಲ! ವಾರಕ್ಕೊಂದು ದಿನ ಆ ಮೂಕ ಜೀವಕ್ಕೆ ಬಿಡುವು ಕೊಟ್ಟರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಕೆಲವರು ನಕ್ಕರು, ಕೆಲವರು ಬೈದರು, ಒಬ್ಬಿಬ್ಬರು ಕೇಳಿದರು. ಆಮೇಲೆ ಬೇಲೂರಿಗೆ ವರ್ಗವಾಯಿತು. ಅಲ್ಲಿಯೂ, ಹಳೇಬೀಡಿನ ಸಂತೆಯಲ್ಲಿಯೂ ಇದೇ ಭಾಷಣ. ಸೋಮವಾರದ ಮಾತು ನನಗೆ ಬಾಯಿಪಾಠವಾಗಿಬಿಟ್ಟಿತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು. ಮುಂಗಾರು ಆ ವರ್ಷ ಆಟ ಆಡಿಸಿ ಆಡಿಸಿ ಕೊನೆಗೊಂದು ಭಾನುವಾರ ಚೆನ್ನಾಗಿ ಹುಯ್ಯಿತು. ಕೆಂಪು ನೆಲ ಒಂದು ಮಳೆ ಕುಡಿದರೆ ಉಳುಮೆಗೆ ಹದ ಬರುತ್ತದೆ, ಎರಡು ದಿನ ಬಿಸಿಲು ಹೊಡೆದರೆ ಆ ಹದ ಹೋಗುತ್ತದೆ. ಮಾರನೆಯ ದಿನ ಸೋಮವಾರವಾದ್ದರಿಂದ ಊರೂರಿನಲ್ಲೂ ಜನ ನೇಗಿಲು ಸರಿಮಾಡಿಕೊಂಡು ಮಂಗಳವಾರಕ್ಕೆ ಕಾಯುತ್ತಿದ್ದರು. ನಾನು ಆ ಸೋಮವಾರ ಬೆಳಿಗ್ಗೆ ಬೇಲೂರಿನಿಂದ ಹಳೇಬೀಡಿಗೆ ಬಂದು ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕುಳಿತಿದ್ದೆ. ಪಕ್ಕದ ಅಂಗಡಿಯಲ್ಲಿ ವಯಸ್ಸಾದ ಗೌಡರೊಬ್ಬರು ಏದುಸಿರು ಬಿಡುತ್ತಾ, "ಗಟ್ಟಿ ಹಗ್ಗ ಕೊಡಪ್ಪ, ಎಷ್ಟು ಉದ್ದ ಐತೋ ಅಷ್ಟೂ ಕೊಡು. ಎತ್ತು ಬಾವಿಗೆ ಬಿದ್ದೈತೆ" ಅನ್ನುವುದು ಕೇಳಿಸಿತು. ಲೋಟ ಅಲ್ಲೇ ಇಟ್ಟು ಎದ್ದೆ.

ಗೌಡರ ಎತ್ತಲ್ಲ, ಅವರ ಪಕ್ಕದ ಹೊಲದ ಹೆಂಗಸಿನದು. ಬಸ್ತಿಹಳ್ಳಿಯ ಬಸದಿಗಳನ್ನು ದಾಟಿ ಸ್ವಲ್ಪ ದೂರ ಹೋದರೆ ಆಕೆಯ ಹೊಲ. ಗಂಡ ಅರೇಹಳ್ಳಿ ಕಡೆ ಕಾಫಿ ತೋಟದಲ್ಲಿ ಮೇಸ್ತ್ರಿ, ಹಬ್ಬಕ್ಕೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ರಾಗಿ ಹೊಲ, ನಾಲ್ಕಾರು ತೆಂಗಿನ ಮರ, ಒಂದು ಜೋಡಿ ಎತ್ತು, ಎಲ್ಲ ನೋಡಿಕೊಳ್ಳುತ್ತಿದ್ದವಳು ಆಕೆಯೇ. ಉಳುವುದಕ್ಕೆ ಮೈದುನನಿದ್ದ. ದಾರಿಯಲ್ಲಿ ಗೌಡರು ಇಷ್ಟನ್ನೂ ಹೇಳಿದರು. ಜೋಡಿಯನ್ನು ಆಕೆ ಕರುವಿನಿಂದ ಸಾಕಿದ್ದಂತೆ. ಜೊತೆಜೊತೆಗೇ ಬೆಳೆದ ಎತ್ತುಗಳು, ಒಂದನ್ನು ಬಿಟ್ಟು ಇನ್ನೊಂದು ನೀರು ಸಹ ಕುಡಿಯುತ್ತಿರಲಿಲ್ಲವಂತೆ. "ಒಂದು ಹೋದ್ರೆ ಇನ್ನೊಂದಿದ್ದೂ ಇಲ್ದಂಗೆ ಸ್ವಾಮಿ. ಹದದ ಟೇಮ್ನಲ್ಲಿ ಈ ಗ್ರಹಚಾರ ನೋಡಿ" ಅಂದರು.

ಅದು ಕಪಿಲೆ ಬಾವಿ. ಮೇಲೆ ಎರಡು ಕಲ್ಲು ಕಂಬ, ನಡುವೆ ಮರದ ರಾಟೆ. ಎತ್ತುಗಳು ಹಗ್ಗ ಎಳೆದುಕೊಂಡು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಚರ್ಮದ ಚೀಲದಲ್ಲಿ ನೀರು ಮೇಲಕ್ಕೆ ಬರುತ್ತದೆ. ಸೋಮವಾರವೆಂದು ಬಿಚ್ಚಿ ಬಿಟ್ಟಿದ್ದ ಎತ್ತು ಬಾವಿಯ ಅಂಚಿನ ಹಸಿರು ಹುಲ್ಲಿಗೆ ಬಾಯಿ ಹಾಕಿದೆ. ಮಳೆಗೆ ನೆನೆದ ಮಣ್ಣು ಕುಸಿದಿದೆ. ಬಗ್ಗಿ ನೋಡಿದೆ. ಎರಡಾಳು ಕೆಳಗೆ ನೀರು. ಎತ್ತು ಮೂಗು ಮಾತ್ರ ಮೇಲೆ ಮಾಡಿಕೊಂಡು ಈಜುತ್ತಿತ್ತು. ಮೈದುನ ಕಲ್ಲಿನ ಸಂದಿಗೆ ಒಂದು ಕೈ ಕೊಟ್ಟು ಇನ್ನೊಂದು ಕೈಯಲ್ಲಿ ಕೊಂಬು ಹಿಡಿದು ತಲೆ ಮುಳುಗದಂತೆ ನೋಡಿಕೊಳ್ಳುತ್ತಿದ್ದ. ಜೊತೆಯ ಎತ್ತು ಹೊಂಗೆ ಮರಕ್ಕೆ ಕಟ್ಟಿದ್ದ ಹಗ್ಗವನ್ನು ಜಗ್ಗಿ ಜಗ್ಗಿ ಅಂಬಾ ಅನ್ನುತ್ತಿತ್ತು. ಆ ಹೆಂಗಸು ಬಾವಿಯ ಬಾಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, "ಬಂದೆ ಇರಪ್ಪ, ಬಂದೆ ಇರು" ಎಂದು ಒಂದೇ ಸಮನೆ ಹೇಳುತ್ತಿದ್ದಳು.

ನನಗೆ ಸ್ವಲ್ಪ ಧೈರ್ಯವೇ ಬಂತು. ರಾಟೆ ಇದೆ, ಹಗ್ಗ ಇದೆ, ಇಳಿಜಾರು ಇದೆ. ನೀರೆತ್ತುವ ಹಾಗೆಯೇ ಎತ್ತನ್ನೂ ಎತ್ತಬಹುದು. ಎಷ್ಟೋ ಕಡೆ ಬರೀ ಮರದ ಕೊಂಬೆಗೆ ಹಗ್ಗ ಹಾಕಿ ಒದ್ದಾಡಿದ್ದ ನನಗೆ ಇದು ಸಲೀಸಾಗಿ ಕಂಡಿತು. ಗೋಣಿಚೀಲ, ಕಂಬಳಿ ತರಿಸಿ ಮಡಿಸಿ ಹೊಟ್ಟೆಪಟ್ಟಿ ಮಾಡಿದೆ. ಬಾವಿಗೆ ಇಳಿದು, ಮುಂಗಾಲಿನ ಹಿಂದೆ ಒಂದು, ಹಿಂಗಾಲಿನ ಮುಂದೆ ಒಂದು ಪಟ್ಟಿ ತೂರಿಸಿ ಬೆನ್ನಿನ ಮೇಲೆ ಹಗ್ಗಕ್ಕೆ ಬಿಗಿದೆ, ಕೊಂಬಿಗೂ ಒಂದು ಹಗ್ಗ ಕಟ್ಟಿದೆ. ಎತ್ತು ನಡುಗುತ್ತಿತ್ತು. ಸಂಜೆಯವರೆಗೂ ತಡೆಯುವುದಿಲ್ಲ ಎಂದು ಕೈಗೇ ಗೊತ್ತಾಗುತ್ತಿತ್ತು. ಮೇಲೆ ಬಂದು ತಲೆ ಒರೆಸಿಕೊಳ್ಳುತ್ತಾ, "ಹೂಂ, ಆ ಎತ್ತನ್ನ ನೊಗಕ್ಕೆ ಹಾಕಿ. ಗೌಡರೇ, ನಿಮ್ಮದೊಂದು ಎತ್ತು ತಂದು ಜೊತೆ ಮಾಡಿ" ಅಂದೆ.

ಯಾರೂ ಅಲ್ಲಾಡಲಿಲ್ಲ. ಗೌಡರು ನೆಲ ನೋಡಿದರು. ಆ ಹೆಂಗಸು ನನ್ನ ಮುಖ ನೋಡಿ, "ಇವತ್ತು ಸೋಮ್ವಾರ ಅಲ್ವಾ ಸ್ವಾಮಿ?" ಅಂದಳು.

"ಸೋಮವಾರ ಆದರೇನಮ್ಮ? ಎತ್ತು ಸಾಯ್ತಾ ಇದೆ!"

"ಸೋಮ್ವಾರ ನೊಗ ಇಡಾಕಿಲ್ಲ ಸ್ವಾಮಿ ನಾವು. ನಮ್ಮತ್ತೆ ಇಟ್ಟಿಲ್ಲ, ಅವರತ್ತೆ ಇಟ್ಟಿಲ್ಲ."

"ಬಸವನೇ ಬಾವೀಲಿ ಬಿದ್ದು ಬಡ್ಕೊಳ್ತಾ ಇದಾನೆ, ನೀವು ವಾರ ನೋಡ್ತಾ ಕೂತಿದೀರಲ್ಲ! ಕಣ್ಣೆದುರಿಗೆ ಸಾಯೋಕೆ ಬಿಡೋದೂ ಹಿಂಸೆಯೇ. ನಿಮ್ಮ ಮೇಲೆ ಕೇಸು ಹಾಕಬೇಕಾಗುತ್ತೆ, ಗೊತ್ತಾ?" ಎಂದು ಕೂಗಿದೆ. ತಲೆ ಕೆಟ್ಟು ಹೋಗಿತ್ತು ನನಗೆ.

ಆಕೆ ಎದ್ದು ನಿಂತಳು. ಅಳುತ್ತಿದ್ದಳು, ಆದರೆ ದನಿ ನಡುಗಲಿಲ್ಲ. "ಹಾಕ್ಕಳಿ ಸ್ವಾಮಿ. ಹೋದ್ಸಲ ಸಂತೇಲಿ ನೀವೇ ಅಲ್ವಾ ಕಟ್ಟೆ ಹತ್ತಿ ಕೂಗ್ತಿದ್ದೋರು? ವಾರಕ್ಕೊಂದು ದಿನ ಮೂಕ ಜೀವಕ್ಕೆ ಬಿಡುವು ಕೊಡ್ರಪ್ಪ, ಒಕ್ಕಲು ಮಕ್ಕಳನ್ನ ನೋಡಿ ಕಲೀರಪ್ಪ ಅಂತ? ನಾನೂ ನಿಂತ್ಕಂಡು ಕೇಳ್ದೆ. ಒಳ್ಳೆ ಮಾತಾಡ್ತಾವ್ರೆ ಅಂದ್ಕಂಡೆ. ಈಗ ನೀವೇ ಹೂಡು ಅಂತೀರಲ್ಲ."

ಅದು ನನ್ನದೇ ಭಾಷಣ. ಕೆಳಗೆ ನೀರಿನಲ್ಲಿ ಎತ್ತು ಬುಸುಗುಟ್ಟುತ್ತಿತ್ತು. ಸುತ್ತ ಸೇರಿದವರಲ್ಲಿ ಗಟ್ಟಿಮುಟ್ಟಾದ ಗಂಡಸರು ಕಡಿಮೆ, ಹೆಚ್ಚಿನವರು ದೂರದೂರಿನ ಸಂತೆಗೆ ಹೋಗಿದ್ದರು. ಇದ್ದವರು ಹೆಂಗಸರು, ಹಣ್ಣು ಮುದುಕರು, ಗೌಡರು. ಒಬ್ಬರಾದರೂ ಆಕೆಯ ಮಾತು ತಪ್ಪು ಅನ್ನಲಿಲ್ಲ.

ಆಕೆಯೇ ದಾರಿ ತೆಗೆದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಜಾರಿಗೆ ಬಂದು ನೊಗ ಎತ್ತಿದಳು. "ಎತ್ತು ಹೂಡಬಾರ್ದು ಅಂತ ಐತೆ. ಮನುಷ್ರು ಹೂಡಬಾರ್ದು ಅಂತ ಯಾರು ಹೇಳವ್ರೆ? ಬನ್ರೀ ಎಲ್ಲ."

ಎಂಥ ಹೆಂಗಸಪ್ಪ ಅನ್ನಿಸಿತು. ನನಗೆ ಆ ಹೊತ್ತಿನಲ್ಲೂ ನಗು ಬಂತು. ಕೋಟು ಬಿಚ್ಚಿ ಎಸೆದು ನೊಗದ ಒಂದು ಕಡೆಗೆ ಹೆಗಲು ಕೊಟ್ಟೆ. ಇನ್ನೊಂದು ಕಡೆಗೆ ಗೌಡರು. ಮಿಕ್ಕವರು ಹಗ್ಗ ಹಿಡಿದರು. ಬಾವಿಯ ಬಾಯಲ್ಲಿ ನಿಂತು ನೋಡಿ ಹೇಳುವ ಕೆಲಸ ಆಕೆಯದು. "ಹೋಯ್! ಎಳೀರಿ!" ಅಂದಳು. ಎಳೆದೆವು.

ನೊಗದ ಭಾರ ಎಂಥದ್ದೆಂದು ಅಷ್ಟು ವರ್ಷ ಆ ಕೆಲಸ ಮಾಡಿದರೂ ನನಗೆ ಗೊತ್ತಿರಲಿಲ್ಲ. ಹುಣ್ಣು ನೋಡಿದ್ದೆ, ಬಾವು ಒತ್ತಿ ನೋಡಿದ್ದೆ, ಬೇವಿನೆಣ್ಣೆ ಹಚ್ಚಿದ್ದೆ. ಮರ ಹೆಗಲಿನ ಮೂಳೆಯ ಮೇಲೆ ಕೂತು ಹಿಂದಕ್ಕೆ ಜಗ್ಗಿದಾಗ ಕಣ್ಣಲ್ಲಿ ನೀರು ಬಂತು. ಮಳೆಗೆ ಇಳಿಜಾರು ಜಾರುತ್ತಿತ್ತು. ಒಂದು ಹೆಜ್ಜೆ ಹೋದರೆ ಅರ್ಧ ಹೆಜ್ಜೆ ಹಿಂದಕ್ಕೆ. ಆದರೂ ರಾಟೆ ಕಿರುಗುಟ್ಟಿತು, ಎತ್ತು ನೀರಿನಿಂದ ಮೇಲೆ ಬಂತು. "ಬತ್ತಾ ಐತೆ, ಬತ್ತಾ ಐತೆ" ಎಂದು ಆಕೆ ಕೂಗುತ್ತಿದ್ದಳು. ಅರ್ಧದವರೆಗೆ ಬಂತು. ಅಲ್ಲಿಗೆ ನಮ್ಮ ಕಸುವು ಮುಗಿಯಿತು. ಗೌಡರು ಕಾಲು ಜಾರಿ ಮಂಡಿಯೂರಿದರು. ಹಗ್ಗ ಹಿಡಿದಿದ್ದ ಮುದುಕರೊಬ್ಬರು ಕೂತೇಬಿಟ್ಟರು. ಹೇಗೋ ಹಗ್ಗದ ಬಾಲವನ್ನು ಹೊಂಗೆ ಮರದ ಬುಡಕ್ಕೆ ಸುತ್ತಿ ತಡೆದೆವು.

ಎತ್ತು ಈಗ ಗಾಳಿಯಲ್ಲಿ ನೇತಾಡುತ್ತಿತ್ತು. ಹೊಟ್ಟೆಪಟ್ಟಿ ಬಿಗಿದು ಅದಕ್ಕೆ ಉಸಿರಾಡಲು ಆಗುತ್ತಿರಲಿಲ್ಲ. ನಾಲಗೆ ಹೊರಗೆ ಬಿದ್ದಿತ್ತು. ಕೆಳಗೆ ಬಿಟ್ಟರೆ ಇನ್ನೊಮ್ಮೆ ಈಜುವ ತ್ರಾಣ ಅದಕ್ಕಿಲ್ಲ, ಮೇಲೆ ಎಳೆಯುವ ತ್ರಾಣ ನಮಗಿಲ್ಲ. "ಅತ್ತಿಗೇ, ಏನಾರ ಮಾಡಿ ಅತ್ತಿಗೇ!" ಎಂದು ಬಾವಿಯೊಳಗಿನಿಂದ ಮೈದುನ ಅಳುವ ದನಿಯಲ್ಲಿ ಕೂಗಿದ. ಮತ್ತೆ ಎತ್ತು ಹೂಡು ಅನ್ನಲು ನನಗೆ ಮುಖ ಉಳಿದಿರಲಿಲ್ಲ.

ಆಕೆ ಬಾವಿಯೊಳಕ್ಕೆ ನೋಡಿದಳು, ಮರಕ್ಕೆ ಕಟ್ಟಿದ್ದ ಎತ್ತಿನ ಕಡೆ ನೋಡಿದಳು. ನೇರ ಹೋಗಿ ಅದರ ಹಗ್ಗ ಬಿಚ್ಚಿದಳು.

"ಬ್ಯಾಡ ಕಣವ್ವ. ಸೋಮ್ವಾರ ಕಣವ್ವ" ಎಂದು ಗೌಡರು ಎದ್ದು ಅಡ್ಡ ಬಂದರು.

"ಗೊತ್ತೈತೆ ಕಣಣ್ಣ. ಪಾಪ ಬಂದ್ರೆ ನಂಗೆ ಬರ್ಲಿ. ದಾರಿ ಬಿಡಿ."

ಎತ್ತಿನ ಮುಖಕ್ಕೆ ಮುಖವಿಟ್ಟು ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ನೊಗದ ಬಲಗಡೆಗೆ ಅದನ್ನು ಹೂಡಿದಳು. ಎಡಗಡೆ, ಬಾವಿಯಲ್ಲಿ ನೇತಾಡುತ್ತಿದ್ದ ಎತ್ತು ದಿನವೂ ನಿಲ್ಲುತ್ತಿದ್ದ ಜಾಗದಲ್ಲಿ, ತಾನೇ ಹೆಗಲು ಕೊಟ್ಟು ನಿಂತಳು. ನಾನು ಆಕೆಯ ಹಿಂದೆ ನೊಗದ ತುದಿ ಹಿಡಿದೆ. ಅಡ್ಡ ಬಂದಿದ್ದ ಗೌಡರೇ ಮರದ ಬುಡಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿ ಹಿಡಿದರು. ಎತ್ತಿಗೆ ಯಾರೂ ಬಾರುಗೋಲು ತೋರಿಸಲಿಲ್ಲ, ಹಾ ಅನ್ನಲಿಲ್ಲ. ಆಕೆ ಕಾಲು ಕಿತ್ತಿಟ್ಟಳು, ಅದೂ ಕಾಲು ಕಿತ್ತಿಟ್ಟಿತು. ಹಗ್ಗ ಬಿಗಿಯಿತು. ಒಂದು ಸಲ ಆಕೆ ಮುಗ್ಗರಿಸಿದಾಗ ನೊಗ ಪೂರ್ತಿ ಆಕೆಯ ಎಡ ಹೆಗಲಿಗೆ ಬಿತ್ತು. ಅಯ್ಯೋ ಶಿವನೆ ಅಂದಳು, ಆದರೆ ಹೆಗಲು ತೆಗೆಯಲಿಲ್ಲ. ಇಳಿಜಾರಿನ ಕೊನೆ ಮುಟ್ಟುವ ಹೊತ್ತಿಗೆ ಹಿಂದೆ ಬಾವಿಯ ಬಾಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ಹೋ ಎಂದು ಕೂಗಿದರು. ಕೊಂಬಿನ ಹಗ್ಗ ಹಿಡಿದು ಈಚೆಗೆ ಜಗ್ಗಿ ಎತ್ತನ್ನು ದಡದ ಮೇಲೆ ಕೆಡವಿದ್ದರು.

ಆಮೇಲೆ ಉಳಿದದ್ದು ನನ್ನ ಕೆಲಸ. ಒಣ ಹುಲ್ಲಿನಿಂದ ಮೈ ಉಜ್ಜಿಸಿದೆ. ಶುಂಠಿ, ಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯವನ್ನು ಬಿದಿರಿನ ಗೊಟ್ಟದಲ್ಲಿ ಕುಡಿಸಿದೆ. ಕಾಲು ಮುಟ್ಟಿ ನೋಡಿದೆ, ಮೂಳೆ ಮುರಿದಿರಲಿಲ್ಲ. ಬಿಸಿಲು ಇಳಿಯುವ ಮುಂಚೆ ಅದು ತಾನಾಗಿ ಎದ್ದು ನಿಂತಾಗ ಜೊತೆಯ ಎತ್ತು ಬಂದು ಅದರ ಕುತ್ತಿಗೆ ನೆಕ್ಕಿತು. ನನಗೆ ಸಂತೋಷ ತಡೆಯಲಾಗದೆ ಗೌಡರನ್ನು ತಬ್ಬಿಕೊಂಡುಬಿಟ್ಟೆ. ಆಕೆ ಮಾತ್ರ ನಗಲಿಲ್ಲ. ನೊಗಕ್ಕೆ ಹೂಡಿದ್ದ ಎತ್ತಿನ ಕಾಲು ಮುಟ್ಟಿ, "ತಪ್ಪಾಯ್ತು ಕಣಪ್ಪಾ" ಅಂದಳು.

ರಾತ್ರಿ ಹಳೇಬೀಡಿನಲ್ಲೇ ಉಳಿದೆ. ಬಾವಿಯಿಂದ ತೆಗೆದ ದನಕ್ಕೆ ಮಾರನೆಯ ದಿನ ಜ್ವರ ಬರುವುದುಂಟು, ನೋಡಿಕೊಂಡೇ ಹೋಗೋಣ ಎಂದು. ಮಂಗಳವಾರ ಬೆಳಿಗ್ಗೆ ಸೈಕಲ್ಲಿನಲ್ಲಿ ಹೊರಟರೆ ದಾರಿಯ ಎರಡೂ ಕಡೆ ನೇಗಿಲು ಹೂಡಿ, ಆರು ಕಟ್ಟಿ ಉಳುತ್ತಿದ್ದರು. ಎಲ್ಲಿ ನೋಡಿದರೂ ಎತ್ತು, ನೇಗಿಲು, ಹೊಸ ಮಣ್ಣಿನ ವಾಸನೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಆಕೆಯ ಹೊಲದ ಬದುವಿನ ಮೇಲೆ ಗೌಡರು ತಮ್ಮ ಒಂದು ಎತ್ತು ಹಿಡಿದುಕೊಂಡು ಮುಖ ಗಂಟಿಕ್ಕಿ ನಿಂತಿದ್ದರು. ನನ್ನನ್ನು ಕಂಡದ್ದೇ, "ನೀವಾದ್ರೂ ಬುದ್ಧಿ ಹೇಳಿ ಸಾಹೇಬ್ರೇ. ನೀರಿಗೆ ಬಿದ್ದ ಎತ್ತು ಮಲ್ಗಿರ್ಲಿ, ನಂದೊಂದು ಕೊಡ್ತೀನಿ, ಇನ್ನೊಂದಕ್ಕೆ ಜೊತೆ ಮಾಡಿ ಉತ್ಕಳಿ ಅಂತ ಬೆಳಗಿಂದ ಬಡ್ಕತಾ ಇವ್ನಿ. ಕೇಳಾಕಿಲ್ಲ ಅಂತಾಳೆ" ಅಂದರು.

ಎರಡೂ ಎತ್ತು ಹೊಂಗೆ ಮರದ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು. ಕೊರಳಲ್ಲಿ ಹಗ್ಗವೂ ಇರಲಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಬಳಿದಿತ್ತು. ಬಿದ್ದ ಎತ್ತನ್ನು ಮುಟ್ಟಿ ನೋಡಿದೆ, ಜ್ವರವಿರಲಿಲ್ಲ. ಆಕೆ ಹೊಲದ ನಡುವೆ ಗುದ್ದಲಿ ಹಿಡಿದು ನೆಲ ಕಡಿಯುತ್ತಿದ್ದಳು. ಸ್ವಲ್ಪ ದೂರದಲ್ಲಿ ಮೈದುನ, ಅವನ ಕೈಯಲ್ಲೂ ಗುದ್ದಲಿ. ನೇಗಿಲಾಗಿದ್ದರೆ ಅಷ್ಟು ಹೊತ್ತಿಗೆ ಅರ್ಧ ಹೊಲ ಮುಗಿಯಬೇಕಿತ್ತು. ಅವರಿಬ್ಬರು ಕಡಿದದ್ದು ಒಂದು ಮನೆಯ ಅಂಗಳದಷ್ಟೂ ಇರಲಿಲ್ಲ.

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. "ಏನಮ್ಮ ಇದು? ನಾಳೆಗೆ ಹದ ಹೋಗುತ್ತೆ! ಇಷ್ಟೆಲ್ಲ ಒದ್ದಾಡಿ ಎತ್ತು ಉಳಿಸಿದ್ದು ನೆರಳಲ್ಲಿ ಮಲಗಿಸೋಕಾ?"

ಆಕೆ ಗುದ್ದಲಿಯ ಮೇಲೆ ಭಾರ ಬಿಟ್ಟು ನಿಂತಳು. "ಹದ ಹೋದ್ರೆ ಇನ್ನೊಂದು ಮಳೆ ಬತ್ತದೆ ಸ್ವಾಮಿ, ಬಂದಾಗ ಉಳೋದು. ನಿನ್ನೆ ಅದರ ಸೋಮ್ವಾರ ಕಿತ್ಕಂಡೆ. ಕಿತ್ಕಂಡಿದ್ದು ಕೊಡಬ್ಯಾಡ್ವಾ? ಇವತ್ತು ಅದಕ್ಕೆ ಸೋಮ್ವಾರ."

ಇನ್ನೊಂದು ಮಳೆ ಯಾವಾಗ ಬರುತ್ತದೆಂದು ಆಕೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಏನಾದರೂ ಹೇಳಬೇಕು ಎಂದು ಬಾಯಿ ತೆರೆದವನು ಆಕೆಯ ಹೆಗಲು ನೋಡಿದೆ. ಸೆರಗು ಜಾರಿದ ಕಡೆ ಕುಪ್ಪಸದ ಅಂಚಿನಲ್ಲಿ ಬಾವು ಎದ್ದು ಚರ್ಮ ನೀಲಿಗಟ್ಟಿತ್ತು. ಅಂಥ ಹೆಗಲಿನ ಎತ್ತನ್ನು ಹೂಡಿದ್ದರೆ ಹೂಡಿದವನನ್ನು ನಾನು ಠಾಣೆಗೆ ಎಳೆದುಕೊಂಡು ಹೋಗುತ್ತಿದ್ದೆ.

"ನೊಗ ನೀವೂ ಹೊತ್ತಿರಲ್ಲಮ್ಮ ನಿನ್ನೆ" ಅಂದೆ. ಸಿಟ್ಟು ಎಲ್ಲಿಗೆ ಹೋಯಿತೋ, ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಇವತ್ತೊಂದು ದಿನ ನೀವೂ ಕೂತ್ಕೋಬಾರದಾ?"

ಆಕೆಗೆ ನಗು ಬಂತು. ಹಿಂದಿನ ದಿನವೆಲ್ಲ ನಗದಿದ್ದವಳು ಮೈದುನನ ಕಡೆ ತಿರುಗಿ, ಕೇಳಿದೇನೋ ಅನ್ನುವ ಹಾಗೆ ನೋಡಿ ನಕ್ಕಳು.

"ನಂಗ್ಯಾವ ಸೋಮ್ವಾರ ಸ್ವಾಮಿ?" ಅಂದಳು.

ಗುದ್ದಲಿ ಎತ್ತಿದಳು. ಎಡಗೈ ಹೆಗಲಿನ ಮಟ್ಟಕ್ಕೂ ಏಳಲಿಲ್ಲ. ಅದನ್ನು ಇಳಿಬಿಟ್ಟು ಬಲಗೈಯೊಂದರಲ್ಲೇ ನೆಲ ಕಡಿಯತೊಡಗಿದಳು.